ನಮ್ಮ ಎಂಎಲ್‌ಎ ಗಣಿ, ಪರಿಸರ, ಶಿಕ್ಷಣ ಸಾಲದ ಬಗ್ಗೆ ಸದನದಲ್ಲಿ ಮಾತಾಡಿದ್ದನ್ನು ಅಳೆಯೋದು ಹೇಗೆ?

ಬಳ್ಳಾರಿ ಜಿಲ್ಲೆಯ ಶಾಸಕರೊಬ್ಬರು ಈ ಮೂರು ವಿಷಯದ ಬಗ್ಗೆ ಏನು ಕೇಳಿದ್ದಾರೆ ಅಂತ ಎಲ್ಲಿ ನೋಡೋದು, ಕೇಳಿದ್ದರಿಂದ ಯಾರಿಗಾದರೂ ಏನಾದರೂ ಆಗುತ್ತಾ ಅಂತ ಕೇಳಿದ್ದೀರಿ. ಯಾವ ಶಾಸಕರು ಅಂತ ನೀವು ಹೇಳಿಲ್ಲ, ಒಳ್ಳೇದಾಯ್ತು. ನಾನೂ ಹೆಸರು ಹಿಡಿಯಲ್ಲ, ಇದೇ ಊರಲ್ಲಿ ಅಂಗಡಿ ನಡೆಸಬೇಕು.

ನನ್ನದು ಸಂಡೂರಿನಲ್ಲಿ ಝೆರಾಕ್ಸ್ ಅಂಗಡಿ. ಬ್ಯಾಂಕಿನ ಶಿಕ್ಷಣ ಸಾಲದ ವಿದ್ಯಾಲಕ್ಷ್ಮಿ, ರಾಜ್ಯದ ನಿಗಮಗಳು ಕೊಡೋ ಅರಿವು ಶಿಕ್ಷಣ ಸಾಲ, ಸ್ಕಾಲರ್‌ಶಿಪ್, ಎಲ್ಲಾ ಅರ್ಜಿಗಳನ್ನೂ ತುಂಬಿಕೊಡ್ತೀನಿ. ಬೆಳಿಗ್ಗೆ ಶಟರ್ ಎತ್ತಿದ ಕೂಡಲೇ ಮಾಡೋ ಮೊದಲ ಕೆಲಸ ಪ್ರಿಂಟರ್ ಮೇಲಿನ ಕೆಂಪು ಧೂಳು ಒರೆಸೋದು. ಗಿರಾಕಿ ಇಲ್ಲದ ಮಧ್ಯಾಹ್ನ ವಿಧಾನಸಭೆಯ ಪ್ರಶ್ನೋತ್ತರಗಳನ್ನು ಓದೋದು ಒಂದು ಚಟ.

ಮೊದಲು, ವಾಟ್ಸಾಪ್‌ನಲ್ಲಿ ಬರೋ "ಸದನದಲ್ಲಿ ಗುಡುಗಿದ ಶಾಸಕರು" ವಿಡಿಯೊ ಬಿಟ್ಟುಬಿಡಿ. ವಿಧಾನಸಭೆಯ ಜಾಲತಾಣದಲ್ಲಿ ಚುಕ್ಕೆ ಗುರುತಿನ ಮತ್ತು ಚುಕ್ಕೆ ಗುರುತಿಲ್ಲದ ಪ್ರಶ್ನೆಗಳು ಉತ್ತರದ ಸಮೇತ ಸಿಗ್ತವೆ. ಚುಕ್ಕೆ ಇದ್ದದ್ದಕ್ಕೆ ಮಂತ್ರಿ ಎದ್ದು ನಿಂತು ಉತ್ತರ ಹೇಳಬೇಕು, ಶಾಸಕರು ಅಲ್ಲೇ ಉಪಪ್ರಶ್ನೆ ಹಾಕಬಹುದು. ಚುಕ್ಕೆ ಇಲ್ಲದ್ದಕ್ಕೆ ಬರೀ ಲಿಖಿತ ಉತ್ತರ. ಟಿವಿಗೆ ಅದು ಬೇಡ. ನನಗೆ ಮಾತ್ರ ಅದರಲ್ಲೇ ರುಚಿ, ಅಂಕಿ ಸಂಖ್ಯೆ ಸಿಗೋದು ಅಲ್ಲೇ.

ಆ ಹಾಳೆ ಹೇಗಿರುತ್ತೆ ಹೇಳ್ತೀನಿ. ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ, ಅ ಆ ಇ ಈ ಅಂತ ಸಾಲುಗಳು. ಎಷ್ಟೋ ಪ್ರಶ್ನೆಗಳು ಶುರುವಾಗೋದೇ "ಇದು ಸರ್ಕಾರದ ಗಮನಕ್ಕೆ ಬಂದಿದೆಯೇ?" ಅಂತ. ಎರಡನೇ ಸಾಲು, "ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು?" ಇಲಾಖೆಯವರು ಮೊದಲನೇ ಸಾಲಿಗೆ "ಇಲ್ಲ" ಅಂತ ಬರೆದರೆ ಮುಗೀತು, ಕೆಳಗಿನ ಸಾಲಿಗೆಲ್ಲಾ ಒಂದೇ ಉತ್ತರ: "ಉದ್ಭವಿಸುವುದಿಲ್ಲ". ಪಳಗಿದ ಶಾಸಕರು ಗಮನ ಗಿಮನ ಕೇಳಲ್ಲ. ಎಷ್ಟು, ಯಾವ ಊರಿಗೆ, ಯಾವ ವರ್ಷ ಅಂತ ಕೇಳ್ತಾರೆ. ಮುಂದಿನ ಅಧಿವೇಶನದಲ್ಲಿ ಅದೇ ಪ್ರಶ್ನೆ ಮತ್ತೆ ಹಾಕ್ತಾರೆ. ಎಷ್ಟು ಹೊತ್ತು ಮಾತಾಡಿದರು ಅನ್ನೋದು ನನಗೆ ಲೆಕ್ಕಕ್ಕಿಲ್ಲ, ಎರಡನೇ ಸಲ ಕೇಳಿದರಾ ಅಂತ ನೋಡ್ತೀನಿ.

ಗಣಿ ವಿಷಯದಲ್ಲಿ ಗದ್ದಲ ಅಂದರೆ 2010ರ ಜುಲೈ. ಬೇಲೆಕೇರಿ ಬಂದರಿನಲ್ಲಿ ಜಪ್ತಿಯಾಗಿದ್ದ ಲಕ್ಷಾಂತರ ಟನ್ ಅದಿರು ಮಾಯ, ವಿರೋಧ ಪಕ್ಷದವರು ಸದನದಲ್ಲೇ ಹಗಲು ರಾತ್ರಿ ಧರಣಿ, ಆಮೇಲೆ ಸಿದ್ದರಾಮಯ್ಯನವರು ಬೆಂಗಳೂರಿಂದ ಬಳ್ಳಾರಿವರೆಗೆ 320 ಕಿ.ಮೀ. ಪಾದಯಾತ್ರೆ. ಆದರೆ ನಮ್ಮೂರ ರಸ್ತೆಯಲ್ಲಿ ಟಿಪ್ಪರ್ ನಿಂತದ್ದು ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿ ಅಂದ 2011ರ ಜುಲೈ 29ರ ಸುಪ್ರೀಂ ಕೋರ್ಟ್ ಆದೇಶದಿಂದ. ಅದಕ್ಕೆ ಎರಡು ದಿನ ಮೊದಲು ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂದಿತ್ತು, ಅಕ್ರಮ ಗಣಿಗಾರಿಕೆಯಿಂದ ಬೊಕ್ಕಸಕ್ಕೆ 16,085 ಕೋಟಿ ರೂಪಾಯಿ ನಷ್ಟ ಅಂತ. ಕೋರ್ಟಿಗೆ ಹೋದದ್ದು ಸಮಾಜ ಪರಿವರ್ತನಾ ಸಮುದಾಯ ಅನ್ನೋ ಸಂಘಟನೆ. ಹಾಗಂತ ಸದನದ ಮಾತು ದಂಡ ಅನ್ನಲ್ಲ, ಆ ಗದ್ದಲ ಇಲ್ಲದಿದ್ದರೆ ಇಡೀ ರಾಜ್ಯ ಈ ಕಡೆ ತಿರುಗಿ ನೋಡ್ತಿರಲಿಲ್ಲ.

ಈಗಿನ ಮಾತು ಬೇರೆ. ಬಳ್ಳಾರಿಗೆ ವರ್ಷಕ್ಕೆ ಇಷ್ಟೇ ಅದಿರು ತೆಗೀಬೇಕು ಅಂತ 2013ರಲ್ಲಿ ಕೋರ್ಟ್ 2.5 ಕೋಟಿ ಟನ್ ಮಿತಿ ಹಾಕಿತ್ತು, ಅದು 2.8 ಆಗಿ 2022ರಲ್ಲಿ 3.5 ಕೋಟಿ ಆಯ್ತು. ದಿನಕ್ಕೆ ಹಂಚಿದರೆ ಸುಮಾರು 96 ಸಾವಿರ ಟನ್. ಕನ್ವೇಯರ್, ರೈಲು ಕಳೆದರೂ ಉಳಿದದ್ದು ಯಾವ ರಸ್ತೆ ಮೇಲೆ, ಎಷ್ಟು ಟಿಪ್ಪರ್, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ? ಇದು ಶಾಸಕರು ಕೇಳಬೇಕಾದ ಪ್ರಶ್ನೆ. "ಅಕ್ರಮ ಗಣಿಗಾರಿಕೆ ನಿಲ್ಲಿಸಿ" ಅಂತ ಕೂಗೋದು ಸುಲಭ, ಸಕ್ರಮದ ಧೂಳನ್ನು ಯಾರು ಕೇಳಬೇಕು?

ಪರಿಸರದ ವಿಷಯದಲ್ಲಿ ಶಾಸಕರ ಮಾತಿಗೆ ನಿಜವಾಗಿ ತೂಕ ಇದೆ, ಯಾಕೆಂದರೆ ಕೇಂದ್ರ ಒಪ್ಪಿದ ಮೇಲೂ ಕಾಡನ್ನು ಬಿಟ್ಟುಕೊಡೋ ಕೊನೆಯ ಸಹಿ ರಾಜ್ಯದ್ದು. ಗಣಿಗೆ ಅಂತ ಕೇಳಿದ್ದು ಸಂಡೂರಿನ ದೇವದಾರಿ ಗುಡ್ಡದ 401.57 ಹೆಕ್ಟೇರ್ ಕಾಡು, ಹತ್ತಿರ ಹತ್ತಿರ ಒಂದು ಲಕ್ಷ ಮರ. 2024ರ ಜೂನ್‌ನಲ್ಲಿ ಕೇಂದ್ರದಲ್ಲಿ ಕಡತ ಮುಂದೆ ಹೋದರೂ, ಜಮೀನು ಹಸ್ತಾಂತರ ಮಾಡಬೇಡಿ ಅಂತ ಇಲ್ಲಿನ ಅರಣ್ಯ ಸಚಿವರು ತಡೆದರು. ಅಂಥ ಕಡೆ ನಿಮ್ಮ ಶಾಸಕರು ಯಾವ ಪಕ್ಕ ನಿಂತರು, ಅಥವಾ ಆ ದಿನ ಸುಮ್ಮನಿದ್ದರಾ, ನೋಡಿ. ಮೌನವೂ ಒಂದು ಉತ್ತರ ನಮ್ಮ ಜಿಲ್ಲೆಯಲ್ಲಿ.

ಸಾಲದ ವಿಷಯಕ್ಕೆ ಬಂದರೆ ನನಗೆ ಸ್ವಲ್ಪ ಸಿಟ್ಟು ಬರುತ್ತೆ. ಒಂದು ಹುಡುಗಿ, ಅಪ್ಪ ಟಿಪ್ಪರ್ ಡ್ರೈವರ್, ಸಿಇಟಿಯಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕಿತ್ತು. ಒಂದು ಬ್ಯಾಂಕಿನ ಶಾಖೆಗೆ ಹೋಗಿ ಬಂದು ಕೌಂಟರ್ ಮೇಲೆ ಫೈಲು ಇಟ್ಟು, "ಅಣ್ಣಾರ, ಹೊಲದ ಪಹಣಿ ತಾ ಅಂತಾರ್ರಿ" ಅಂದಳು. ಹೊಲ ಇನ್ನೂ ತಾತನ ಹೆಸರಲ್ಲಿ, ಪೌತಿ ಖಾತೆ ಆಗಿಲ್ಲ. ಅವಳು ಕೇಳಿದ್ದು 4 ಲಕ್ಷದ ಒಳಗೆ. ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ ಅಷ್ಟಕ್ಕೆ ಆಸ್ತಿ ಒತ್ತೆ ಬೇಕಿಲ್ಲ, ಅಪ್ಪ ಅಮ್ಮನ ಜಂಟಿ ಸಹಿ ಸಾಕು. ಅದೇ ಬ್ಯಾಂಕಿನ ನಿಯಮದ ಪುಟ ಪ್ರಿಂಟ್ ತೆಗೆದು, ಆ ಸಾಲಿಗೆ ಹಳದಿ ಬಣ್ಣ ಬಳಿದು ಕೊಟ್ಟೆ, "ಆಗಲ್ಲ ಅಂದರೆ ಕಾರಣ ಬರೆದು ಕೊಡಿ ಅನ್ನು" ಅಂದೆ. ಸಾಲ ಸಿಕ್ಕಿತು, ಆದರೆ ಫೀಸಿನ ಗಡುವು ದಾಟಿ ಒಂದು ತಿಂಗಳಾದ ಮೇಲೆ. ಅಷ್ಟರಲ್ಲಿ ಅವರಪ್ಪ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ಕೈಗಡ ಎತ್ತಿ ಆಗಿತ್ತು.

ಇಂಥದ್ದನ್ನು ವಿಧಾನಸಭೆಯಲ್ಲಿ ಎತ್ತಿದರೆ "ಬ್ಯಾಂಕುಗಳು ಕೇಂದ್ರದ ವ್ಯಾಪ್ತಿಗೆ ಬರುತ್ತವೆ" ಅನ್ನೋ ಉತ್ತರ ಸಿದ್ಧ ಇರುತ್ತೆ. ಸುಳ್ಳಲ್ಲ, ಅದನ್ನು ಲೋಕಸಭೆಯಲ್ಲಿ ಸಂಸದರು ಕೇಳಬೇಕು. ಶಾಸಕರು ಹಿಡೀಬೇಕಾದ್ದು ಅರಿವು ಸಾಲವನ್ನ. ಅದು ರಾಜ್ಯದ ನಿಗಮಗಳದ್ದು. ದೇವರಾಜ ಅರಸು ನಿಗಮದಲ್ಲಿ ವರ್ಷಕ್ಕೆ 1 ಲಕ್ಷದವರೆಗೆ, ಬಡ್ಡಿ ಶೇ 2. ಜೊತೆಗೆ ಜಿಲ್ಲಾ ಖನಿಜ ಪ್ರತಿಷ್ಠಾನದ ದುಡ್ಡು. 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಬಂದದ್ದು, ಗಣಿಯವರು ರಾಜಧನದ ಜೊತೆಗೆ ಕಟ್ಟೋ ಹಣ. ಅದನ್ನು ಮೊದಲು ಖರ್ಚು ಮಾಡಬೇಕಾದ ವಿಷಯಗಳಲ್ಲಿ ಕುಡಿಯೋ ನೀರು, ಪರಿಸರ, ಆರೋಗ್ಯದ ಜೊತೆ ಶಿಕ್ಷಣವೂ ಇದೆ. ನೀವು ಹೇಳಿದ ಮೂರು ವಿಷಯ ಒಂದೇ ಖಾತೆಯಲ್ಲಿ ಕೂಡೋದು ಇಲ್ಲೇ, ಆದರೂ ಚರ್ಚೆಯಲ್ಲಿ ಮೂರನ್ನೂ ಬೇರೆ ಬೇರೆ ಮಾಡಿಬಿಡ್ತಾರೆ.

ಇನ್ನೊಂದು ವಿಷಯ, ಶಾಸಕರಿಗೆ ಪ್ರಶ್ನೆ ಬರೆದುಕೊಡೋಕೆ ಯಾರಿಗೂ ಅಡ್ಡಿ ಇಲ್ಲ. ಅಧಿವೇಶನ ಶುರುವಾಗೋದಕ್ಕೆ ಸಾಕಷ್ಟು ಮೊದಲೇ ಅವರ ಪಿಎ ಕೈಗೆ ಕೊಡಿ. ನಾನಾಗಿದ್ದರೆ ಹೀಗೆ ಬರೆದುಕೊಡ್ತೀನಿ: (ಅ) ಸಂಡೂರು ತಾಲ್ಲೂಕಿನಿಂದ ಕಳೆದ ಮೂರು ವರ್ಷದಲ್ಲಿ ಅರಿವು ಸಾಲಕ್ಕೆ ಬಂದ ಅರ್ಜಿಗಳೆಷ್ಟು, ಮಂಜೂರಾದವೆಷ್ಟು, (ಆ) ಫೀಸಿನ ಗಡುವಿನ ಒಳಗೆ ಹಣ ಬಿಡುಗಡೆಯಾದವೆಷ್ಟು, (ಇ) ಅದೇ ಅವಧಿಯಲ್ಲಿ ಖನಿಜ ಪ್ರತಿಷ್ಠಾನದಿಂದ ಈ ತಾಲ್ಲೂಕಿನ ಶಿಕ್ಷಣಕ್ಕೆ ಖರ್ಚಾದ ಮೊತ್ತವೆಷ್ಟು, ಗ್ರಾಮವಾರು ವಿವರ ನೀಡುವುದು. ಇದರಲ್ಲಿ ಯಾವ ಸಾಲಿಗೂ "ಉದ್ಭವಿಸುವುದಿಲ್ಲ" ಅಂತ ಬರೆಯೋಕಾಗಲ್ಲ.