ಇದ್ದಿಲು ಬ್ರಿಕೆಟ್‌ಗೆ ಪಸೆ ಹಿಡಿಯದಂತೆ ಇಡುವುದು ಹೇಗೆ?

ಗ್ರಿಲ್ ಮಾಡಲು ತಂದ ಬ್ರಿಕೆಟ್ (ಇದ್ದಿಲ ಪುಡಿಯನ್ನು ಒತ್ತಿ ಮಾಡಿದ ಗಟ್ಟಿ) ಅರ್ಧ ಖಾಲಿಯಾಗಿದೆ, ಅದರ ಚೀಲದ ಬಾಯಿ ಮಡಚಿ ಶೆಡ್ಡಿನ ಸಿಮೆಂಟ್ ನೆಲದ ಮೇಲೆ ಇಟ್ಟಿದ್ದಿರಿ. ಒಂದು ಹನಿ ಮಳೆಯೂ ಬಿದ್ದಿಲ್ಲ, ಆದರೂ ಈಗ ಬೆಂಕಿ ಹಿಡಿಯದೆ ಬರೀ ಹೊಗೆ ಬರುತ್ತಿದೆ. ಗಾಳಿಯಾಡದ ಡಬ್ಬಕ್ಕೆ ಸುರಿದಿಟ್ಟರೆ ಸರಿಹೋಗುತ್ತದೆಯೇ ಎಂಬುದು ನಿಮ್ಮ ಪ್ರಶ್ನೆ.

ಈಗಲೇ ಸುರಿಯಬೇಡಿ. ಗಟ್ಟಿ ಮುಚ್ಚಳ ಹೊರಗಿನ ಪಸೆಯನ್ನು ತಡೆಯುವಷ್ಟೇ ಚೆನ್ನಾಗಿ ಒಳಗಿನ ಪಸೆಯನ್ನೂ ಹಿಡಿದಿಡುತ್ತದೆ. ಮೊದಲು ಒಣಗಿಸಿ, ಆಮೇಲೆ ಮುಚ್ಚಿ.

ಮಳೆ ತಾಗದೆಯೂ ಪಸೆ ಬರಲು ಎರಡು ದಾರಿಗಳಿವೆ. ಇದ್ದಿಲಿನ ಮೈತುಂಬ ಕಣ್ಣಿಗೆ ಕಾಣದ ರಂಧ್ರಗಳು. ಗಾಳಿಯಲ್ಲಿರುವ ತೇವವನ್ನು ಅದು ಸುಮ್ಮನೆ ಹೀರಿಕೊಳ್ಳುತ್ತದೆ. ಕಾಗದದ ಚೀಲ ಇದಕ್ಕೆ ತಡೆಯೇ ಅಲ್ಲ. ಇನ್ನೊಂದು ದಾರಿ ನೆಲ. ಸಿಮೆಂಟ್ ನೆಲ ಕೆಳಗಿನ ಮಣ್ಣಿನಿಂದ ನೀರನ್ನು ಮೇಲೆಳೆಯುತ್ತದೆ, ಚೀಲದ ತಳ ಅದನ್ನು ಕುಡಿಯುತ್ತದೆ. ಮೇಲಿನ ಬ್ರಿಕೆಟ್ ಗಟ್ಟಿಯಾಗಿದ್ದು ತಳದ್ದು ಮೆತ್ತಗಾಗಿದ್ದರೆ ನೆಲದ್ದೇ ಕೆಲಸ ಎಂದು ತಿಳಿಯಿರಿ.

ಮರದ ತುಂಡಿನ ರೂಪದಲ್ಲೇ ಇರುವ ಇದ್ದಿಲು ನೆನೆದರೂ ಒಣಗಿಸಿದರೆ ಮೊದಲಿನಂತಾಗುತ್ತದೆ. ಬ್ರಿಕೆಟ್ ಹಾಗಲ್ಲ. ಅದು ಇದ್ದಿಲ ಪುಡಿಯನ್ನು ಅಂಟು ಹಾಕಿ ಒತ್ತಿ ಮಾಡಿದ್ದು. ಆ ಅಂಟು ಸಾಮಾನ್ಯವಾಗಿ ಪಿಷ್ಟ, ಅಂದರೆ ಬಟ್ಟೆಗೆ ಹಾಕುವ ಗಂಜಿಯ ಜಾತಿಯದೇ. ನೀರು ಸೇರಿದರೆ ಗಂಜಿ ಬಿಟ್ಟುಕೊಳ್ಳುತ್ತದೆ, ಬ್ರಿಕೆಟ್ ಉಬ್ಬಿ ಬಿರುಕು ಬಿಟ್ಟು ಪುಡಿಯಾಗುತ್ತದೆ. ಹಾಗಾಗಿ ಬರೀ ಪಸೆ ಹಿಡಿದದ್ದು ಉಳಿಯುತ್ತದೆ, ಚೆನ್ನಾಗಿ ನೆನೆದದ್ದು ಬಹುಮಟ್ಟಿಗೆ ಉಳಿಯುವುದಿಲ್ಲ.

ಪಸೆ ಇದ್ದರೆ ಇದ್ದಿಲಿನ ಶಾಖವೆಲ್ಲ ನೀರಿಗೇ ಹೋಗುತ್ತದೆ ಎನ್ನುವವರಿದ್ದಾರೆ. ಲೆಕ್ಕ ಹಾಕಿದರೆ ಹಾಗಿಲ್ಲ. ಒಂದು ಕೆಜಿ ಬ್ರಿಕೆಟ್‌ನಲ್ಲಿ 100 ಮಿಲಿ ಹೆಚ್ಚುವರಿ ನೀರಿದ್ದರೆ ಅದನ್ನು ಆವಿ ಮಾಡಲು ಸುಮಾರು 260 ಕಿಲೋಜೌಲ್ ಸಾಕು. ಹತ್ತು ಗ್ರಾಂ ಆಸುಪಾಸು ಬ್ರಿಕೆಟ್ ಉರಿದರೆ ಅಷ್ಟು ಸಿಗುತ್ತದೆ. ತೊಂದರೆ ಇರುವುದು ಹೊತ್ತಿಕೊಳ್ಳುವ ಹಂತದಲ್ಲಿ. ಬ್ರಿಕೆಟ್ ಕೆಂಡವಾಗಲು ಹಲವು ನೂರು ಡಿಗ್ರಿ ಬಿಸಿ ಬೇಕು, ಆದರೆ ನೀರು ಪೂರ್ತಿ ಹೋಗುವ ತನಕ ಆ ಜಾಗ 100 ಡಿಗ್ರಿಯ ಸುತ್ತಲೇ ನಿಂತುಬಿಡುತ್ತದೆ. ಅಷ್ಟರಲ್ಲಿ ಕೆಳಗೆ ಹಚ್ಚಿದ ಕಾಗದವೋ ಮೇಣವೋ ಉರಿದು ಮುಗಿದಿರುತ್ತದೆ.

ಎಷ್ಟು ಪಸೆ ಇದೆ ಎಂದು ನೋಡಲು ಎರಡು ಬ್ರಿಕೆಟ್ ತೆಗೆದು ಒಂದಕ್ಕೊಂದು ತಟ್ಟಿ. ಒಣಗಿದ್ದರೆ ಟಣ್ ಎನ್ನುತ್ತದೆ, ಪಸೆ ಇದ್ದರೆ ಸದ್ದು ಮೊದ್ದಾಗಿರುತ್ತದೆ. ನಿಖರವಾಗಿ ಬೇಕಿದ್ದರೆ ಚೀಲದ ಬೇರೆ ಬೇರೆ ಭಾಗದಿಂದ ಹತ್ತು ಬ್ರಿಕೆಟ್ ತೆಗೆದು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಎರಡು ದಿನ ಬಿಸಿಲಿಗಿಟ್ಟು ಮತ್ತೆ ತೂಗಿ. ಹೊಸ ಬ್ರಿಕೆಟ್‌ನಲ್ಲೂ ಒಂದಿಷ್ಟು ನೀರಿರುತ್ತದೆ (ಗ್ರಿಲ್ ಇದ್ದಿಲಿಗೆ ಯುರೋಪಿನಲ್ಲಿರುವ ಇಎನ್ 1860-2 ಮಾನದಂಡವೇ 8 ಶೇಕಡಾದವರೆಗೆ ಬಿಡುತ್ತದೆ), ಆದ್ದರಿಂದ ಎರಡು ಮೂರು ಶೇಕಡಾ ಇಳಿದರೆ ಚಿಂತೆಯಿಲ್ಲ. ಹತ್ತರ ಹತ್ತಿರ ಇಳಿದರೆ ಇಡೀ ಚೀಲವನ್ನು ಒಣಗಿಸಲೇಬೇಕು.

ಒಣಗಿಸಲು ತಂತಿ ಜಾಲರಿ ಒಳ್ಳೆಯದು, ಕೆಳಗಿನಿಂದಲೂ ಗಾಳಿಯಾಡುತ್ತದೆ. ಒಂದೇ ಪದರವಾಗಿ ಹರಡಿ, ಮಧ್ಯಾಹ್ನ ಒಮ್ಮೆ ತಿರುವಿ, ಸಂಜೆ ಇಬ್ಬನಿ ಬೀಳುವ ಮೊದಲೇ ಒಳಗೆ ತನ್ನಿ. ಒಳ್ಳೆಯ ಬಿಸಿಲಿದ್ದರೆ ಎರಡು ದಿನ ಸಾಕು. ಅಡುಗೆಯ ಓವನ್‌ನಲ್ಲಿ ಒಣಗಿಸುವ ಯೋಚನೆ ಬೇಡ. ಅಲ್ಲಿ ಹೊತ್ತಿಕೊಂಡರೆ ಮನೆಯೊಳಗೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ತುಂಬುತ್ತದೆ, ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಒಣಗಿದ ಮೇಲೆ ಪುಡಿಯನ್ನು ಜರಡಿ ಹಿಡಿದು ತೆಗೆದುಬಿಡಿ. ಪುಡಿ ಗ್ರಿಲ್‌ನಲ್ಲಿ ಸಂದುಗಳಿಗೆ ಕೂತು ಕೆಳಗಿನಿಂದ ಬರುವ ಗಾಳಿಯನ್ನು ತಡೆಯುತ್ತದೆ.

ಇನ್ನು ಇಡುವ ಪಾತ್ರೆ. ರಬ್ಬರ್ ವಾಷರ್ ಇರುವ ಮುಚ್ಚಳದ 20 ಲೀಟರ್ ಪ್ಲಾಸ್ಟಿಕ್ ಬಕೆಟ್‌ನಲ್ಲಿ ಎಂಟೊಂಬತ್ತು ಕೆಜಿ ಹಿಡಿಯುತ್ತದೆ. ಹೆಚ್ಚಿಗೆ ಇದ್ದರೆ ಬಿಗಿ ಮುಚ್ಚಳದ ಸತುವು ಲೇಪಿತ ತಗಡಿನ ಡ್ರಮ್ ತೆಗೆದುಕೊಳ್ಳಿ. ಇಲಿಯೂ ಅದನ್ನು ಕಡಿಯಲಾರದು. ಬ್ರಿಕೆಟ್ ಸುರಿಯುವ ಬದಲು ಚೀಲದ ಸಮೇತ ಇಳಿಸುವುದು ನನಗೆ ಹೆಚ್ಚು ಸರಿ ಕಾಣುತ್ತದೆ. ಮೇಲಿನಿಂದ ಸುರಿದರೆ ಒಡೆಯುತ್ತವೆ, ಯಾವ ಬ್ರಿಕೆಟ್ ಎಂಬ ಗುರುತೂ ಹೋಗುತ್ತದೆ. ಡ್ರಮ್ಮಿನ ಕೆಳಗೆ ಇಟ್ಟಿಗೆ ಅಥವಾ ಮರದ ಹಲಗೆ ಕೊಟ್ಟು ನೆಲದಿಂದ ಐದಾರು ಸೆಂಟಿಮೀಟರ್ ಎತ್ತರಿಸಿ.

ಡ್ರಮ್ ನೆರಳಿನಲ್ಲೇ ಇರಬೇಕು. ಇದನ್ನು ಬಹಳ ಜನ ಗಮನಿಸುವುದಿಲ್ಲ. ಹಗಲು ಬಿಸಿಲಿಗೆ ಕಾದಾಗ ಬ್ರಿಕೆಟ್‌ನಲ್ಲಿ ಉಳಿದ ಪಸೆ ಆವಿಯಾಗಿ ಏಳುತ್ತದೆ, ರಾತ್ರಿ ತಣ್ಣಗಾದ ಮುಚ್ಚಳದ ಒಳಬದಿಯಲ್ಲಿ ಹನಿಗಟ್ಟಿ ಮೇಲಿನ ಪದರದ ಮೇಲೆ ತೊಟ್ಟಿಕ್ಕುತ್ತದೆ. ಮುಚ್ಚಳ ತೆಗೆದಾಗ ಒಳಗೆ ಹನಿ ಕಂಡರೆ ಡ್ರಮ್ ಸೋರುತ್ತಿದೆ ಎಂದುಕೊಳ್ಳುವ ಮೊದಲು ಇದನ್ನು ನೆನೆಸಿಕೊಳ್ಳಿ.

ಸಿಲಿಕಾ ಜೆಲ್ ಪೊಟ್ಟಣ ಹಾಕಬಹುದೇ ಎಂದರೆ, ಒಣಗಿದ ಇದ್ದಿಲಿನ ಜೊತೆ ಹಾಕಿದರೆ ಅಡ್ಡಿಯಿಲ್ಲ. ಆದರೆ ಒದ್ದೆ ಇದ್ದಿಲನ್ನು ಅದು ಒಣಗಿಸುತ್ತದೆ ಎಂದು ನಂಬಬೇಡಿ. ಜೆಲ್ ಹೀರುವುದು ಹೆಚ್ಚೆಂದರೆ ತನ್ನ ತೂಕದ ಮೂರರಲ್ಲೊಂದು ಪಾಲಿನಷ್ಟು. ಹತ್ತು ಕೆಜಿ ಬ್ರಿಕೆಟ್‌ನಿಂದ ಅರ್ಧ ಲೀಟರ್ ನೀರು ತೆಗೆಯಲು ಒಂದೂವರೆ ಕೆಜಿ ಜೆಲ್ ಬೇಕಾಗುತ್ತದೆ.

ಹೊತ್ತಿಸುವ ದ್ರವ ಮೊದಲೇ ಹೀರಿಸಿ ಮಾರುವ ಬ್ರಿಕೆಟ್‌ನ ಕಥೆ ಬೇರೆ. ಅದನ್ನು ಬಿಸಿಲಿಗೆ ಹರಡಿದರೆ ನೀರಿನ ಜೊತೆ ಆ ದ್ರವವೂ ಹಾರಿಹೋಗುತ್ತದೆ. ಅದು ಸಣ್ಣ ಚೀಲದಲ್ಲಿರಲಿ, ಒಡೆದ ಮೇಲೆ ಬೇಗ ಮುಗಿಸಿ, ಒಲೆ ಅಥವಾ ಗೀಸರ್ ಹತ್ತಿರ ಇಡಲೇಬೇಡಿ.

ಗ್ರಿಲ್ ಮಾಡಿ ಉಳಿದ ಅರೆಬೆಂದ ಬ್ರಿಕೆಟ್‌ಗೆ ನೀರು ಚಿಮುಕಿಸಬೇಡಿ: ಬಿಸಿ ಆವಿ ಕೈ ಸುಡುತ್ತದೆ, ಅಂಟು ಕರಗುತ್ತದೆ, ಒದ್ದೆ ಬೂದಿ ಗ್ರಿಲ್‌ನ ತಗಡನ್ನೂ ತಿನ್ನುತ್ತದೆ. ಮುಚ್ಚಳ ಹಾಕಿ, ಗಾಳಿಕಿಂಡಿಗಳನ್ನೆಲ್ಲ ಮುಚ್ಚಿದರೆ ಉಸಿರುಕಟ್ಟಿ ತಾನೇ ಆರುತ್ತದೆ. ಮರುದಿನ ಪೂರ್ತಿ ತಣ್ಣಗಾಗಿದೆಯೆಂದು ನೋಡಿ, ಬೂದಿ ಕೊಡವಿ ಬೇರೆ ತಗಡಿನ ಡಬ್ಬದಲ್ಲಿಡಿ. ಹೊಸದರ ಜೊತೆ ಬೆರೆಸಬೇಡಿ, ಒಂದರ ಒಳಗೆ ಕಿಡಿ ಉಳಿದಿದ್ದರೂ ಇಡೀ ಡ್ರಮ್ ಹೋಗುತ್ತದೆ. ಬೂದಿಯನ್ನೂ ಮುಚ್ಚಳದ ತಗಡಿನ ಡಬ್ಬದಲ್ಲಿ ಎರಡು ದಿನ ಬಿಟ್ಟೇ ಚೆಲ್ಲಿ.

ಒಣಗಿಸಲು ಸಮಯವೇ ಇಲ್ಲದಿದ್ದರೆ ಒಂದು ಉಪಾಯವಿದೆ. ಒಣ ಬ್ರಿಕೆಟ್ ಅಥವಾ ಇದ್ದಿಲ ತುಂಡುಗಳನ್ನು ಕೆಳಗೆ ಹಾಕಿ ಮೊದಲು ಕೆಂಡ ಮಾಡಿಕೊಳ್ಳಿ, ಪಸೆ ಹಿಡಿದದ್ದನ್ನು ಅದರ ಮೇಲೆ ತೆಳುವಾಗಿ ಹರಡಿ. ಬಿಳಿ ಆವಿ ನಿಂತು, ಮೈಮೇಲೆ ಬೂದಿ ಬಣ್ಣ ಬಂದ ಮೇಲಷ್ಟೇ ಆಹಾರ ಇಡಿ.