ಸಂತ್ರಸ್ತರ ಪಟ್ಟಿ ಯಾರ ಕೈಯಲ್ಲಿರಬೇಕು?

ಮಾನ್ಯ ಓದುಗರೇ,

ಕೆರೆ ಕೋಡಿ ಹರಿದು ಮುಳಬಾಗಿಲು ತಾಲ್ಲೂಕಿನ ನಿಮ್ಮೂರ ತಗ್ಗಿನ ಕೇರಿಗೆ ನೀರು ನುಗ್ಗಿದಾಗ, ಅಲ್ಲಿನ ಯುವಕರು ಮನೆಮನೆ ಸುತ್ತಿ ಹೆಸರು, ಮೊಬೈಲ್ ಸಂಖ್ಯೆ, ಆಧಾರ್ ಸಂಖ್ಯೆ, ಕಾಯಿಲೆಗಳ ವಿವರವನ್ನೆಲ್ಲ ಬರೆದುಕೊಂಡು ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಾಕಿದ್ದನ್ನು ತಿಳಿಸಿ, ಜೀವ ಉಳಿಸುವ ಹೊತ್ತಿನಲ್ಲಿ ಖಾಸಗಿತನದ ಮಾತೆತ್ತುವುದು ಸರಿಯೇ ಎಂದು ಕೇಳಿದ್ದೀರಿ. ಎತ್ತಲೇಬೇಕು ಎಂಬುದು ನಮ್ಮ ಉತ್ತರ. ಆ ಯುವಕರ ಶ್ರಮದ ಬಗ್ಗೆ ನಮಗೆ ಗೌರವವಿದೆ. ಆದರೆ ಮಾಹಿತಿ ಕೇಳುವ ಹಕ್ಕನ್ನು ವಿಪತ್ತು ಕೊಡುತ್ತದೆಯೇ ಹೊರತು, ಅದನ್ನು ಊರೆಲ್ಲ ಹಂಚುವ ಹಕ್ಕನ್ನಲ್ಲ.

ಯಾವ ಮನೆಯಲ್ಲಿ ತುಂಬು ಗರ್ಭಿಣಿ ಇದ್ದಾರೆ, ಯಾರಿಗೆ ಡಯಾಲಿಸಿಸ್ ತಪ್ಪಬಾರದು ಎಂಬುದು ದೋಣಿ ತರುವವರಿಗೂ ಆಶಾ ಕಾರ್ಯಕರ್ತೆಗೂ ತಿಳಿಯಬೇಕು. ಆಧಾರ್ ಸಂಖ್ಯೆಯಿಂದ ಅವರಿಗೆ ಆಗಬೇಕಾದ್ದೇನೂ ಇಲ್ಲ. ಪರಿಹಾರದ ಹಣಕ್ಕೆ ದಾಖಲೆ ಬೇಕಾದರೆ ಅದನ್ನು ಗ್ರಾಮ ಆಡಳಿತಾಧಿಕಾರಿ ನೇರವಾಗಿ ಪಡೆಯಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 7ನೇ ಸೆಕ್ಷನ್ ವಿಪತ್ತಿನ ವೇಳೆ ಒಪ್ಪಿಗೆಯಿಲ್ಲದೆಯೂ ಮಾಹಿತಿ ಬಳಸಲು ಅವಕಾಶ ನೀಡಿದೆ ನಿಜ, ಆದರೆ ಅದು ಜನರ ಸುರಕ್ಷತೆ ಮತ್ತು ನೆರವಿನ ಉದ್ದೇಶಕ್ಕೆ. 2020ರ ಮಾರ್ಚ್‌ನಲ್ಲಿ ನಮ್ಮ ರಾಜ್ಯದಲ್ಲಿ ಹೋಮ್ ಕ್ವಾರಂಟೈನ್‌ನಲ್ಲಿದ್ದವರ ವಿಳಾಸಗಳನ್ನು ಬಹಿರಂಗಪಡಿಸಿದಾಗ, ಸೋಂಕು ತಡೆಯಬೇಕಾಗಿದ್ದ ಪಟ್ಟಿಯೇ ನೆರೆಹೊರೆಯವರು ಆ ಮನೆಗಳನ್ನು ದೂರವಿಡಲು ದಾರಿಯಾಯಿತು. ಹೀಗೆ ಒಮ್ಮೆ ನೊಂದವರು ಮುಂದಿನ ಸಲ ಕಾಯಿಲೆಯನ್ನೇ ಮುಚ್ಚಿಡುತ್ತಾರೆ. ಆಗ ರಕ್ಷಣಾ ಕಾರ್ಯವೇ ಸೋಲುತ್ತದೆ.

ಏರಿ ಒಡೆದಿದೆ ಎಂಬ ಸುಳ್ಳು ಧ್ವನಿಸಂದೇಶ ಕೇಳಿ ಜನ ರಾತ್ರಿ ಓಡಿದ್ದನ್ನೂ ಬರೆದಿದ್ದೀರಿ. ಭೀತಿ ಹುಟ್ಟಿಸುವ ಸುಳ್ಳು ಎಚ್ಚರಿಕೆಗೆ 2005ರ ವಿಪತ್ತು ನಿರ್ವಹಣಾ ಕಾಯ್ದೆಯ 54ನೇ ಸೆಕ್ಷನ್‌ನಡಿ ಒಂದು ವರ್ಷದವರೆಗೆ ಜೈಲು ಶಿಕ್ಷೆ ಇಲ್ಲವೇ ದಂಡ ವಿಧಿಸಬಹುದು. ಆದರೆ ಶಿಕ್ಷೆಯ ಭಯಕ್ಕಿಂತ ನಂಬಬಹುದಾದ ಸುದ್ದಿ ಬೇಗ ಸಿಗುವುದು ಮುಖ್ಯ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಅವು ಬಿದ್ದ ಮಳೆಯನ್ನು ಹೇಳುತ್ತವೆ, ಏರಿಯಲ್ಲಿ ಬಿರುಕು ಬಿಟ್ಟಿದೆಯೇ ಎಂಬುದನ್ನು ಹೇಳವು. ಅದನ್ನು ಕೆರೆಯ ನೀರು ಬಿಡುವ ನೀರುಗಂಟಿಯೋ ಏರಿಯ ಕೆಳಗೆ ಉಳುವ ರೈತರೋ ನೋಡಿಯೇ ಹೇಳಬೇಕು. ಯಾರು, ಎಲ್ಲಿ, ಎಷ್ಟು ಗಂಟೆಗೆ ನೋಡಿದರು ಎಂಬುದಿಲ್ಲದ ಸಂದೇಶವನ್ನು ಮುಂದಕ್ಕೆ ಕಳಿಸಬೇಡಿ. ಫೋನಿಲ್ಲದ ಒಂಟಿ ಮುದುಕಿಗೆ ತಲುಪದ ಎಚ್ಚರಿಕೆ ಎಷ್ಟೇ ನಿಖರವಾಗಿದ್ದರೂ ಅನ್ಯಾಯವೇ, ಆದ್ದರಿಂದ ತಮಟೆ ಹೊಡೆದು ಸಾರುವ ವ್ಯವಸ್ಥೆಯನ್ನು ಕೈಬಿಡಬಾರದು.

ಈಗ ಮಾಡಬೇಕಾದ್ದು: ಪಟ್ಟಿಯನ್ನು ಎಲ್ಲ ಗುಂಪುಗಳಿಂದ ಅಳಿಸಲು ಅವುಗಳ ಅಡ್ಮಿನ್‌ಗಳನ್ನು ಇಂದೇ ಕೇಳಿಕೊಳ್ಳಿ, ಹೆಸರು ಹೊರಬಿದ್ದವರಿಗೆ ವಿಷಯ ತಿಳಿಸಿ, ಆಧಾರ್‌ನ ಬಯೋಮೆಟ್ರಿಕ್ ಲಾಕ್ (ಬೆರಳಚ್ಚು, ಕಣ್ಣಿನ ಗುರುತನ್ನು ಬೇರೆಯವರು ಬಳಸದಂತೆ ತಡೆಯುವ ಬೀಗ) ಮಾಡಿಕೊಳ್ಳಲು ಅವರಿಗೆ ನೆರವಾಗಿ. ಮುಂದಿನ ಮಳೆಗಾಲಕ್ಕೆ ಮುಂಚೆ ಪಟ್ಟಿ ಯಾವ ಇಬ್ಬರ ಬಳಿ ಇರಬೇಕು, ಯಾವಾಗ ಅಳಿಸಬೇಕು ಎಂಬುದನ್ನು ಗ್ರಾಮಸಭೆಯಲ್ಲಿ ತೀರ್ಮಾನಿಸಿ ನಡಾವಳಿಯಲ್ಲಿ ಬರೆಸಿ.

— ಸಂಪಾದಕ