ಮಸುಕು ಚಾನೆಲ್ 4ಕೆ ಟಿವಿಯಲ್ಲಿ ಸ್ಪಷ್ಟವಾಗಿ ಕಾಣೋದು ಹೇಗೆ? ಮಳೆಗೆ ಮಾತ್ರ ಎಐ ಯಾಕೆ ಸೋಲುತ್ತದೆ?

ಚಿತ್ರದಲ್ಲಿ ಇಲ್ಲದ ಚುಕ್ಕೆಗಳನ್ನು ಟಿವಿ ಊಹಿಸಿ ತುಂಬುತ್ತದೆ. ಮಡಿಕೇರಿಯ ನಿಮ್ಮ ಮನೆಯಲ್ಲಿ ಹಳೆಯ ಎಸ್‌ಡಿ (ಕಡಿಮೆ ಚುಕ್ಕೆಗಳ) ಚಾನೆಲ್ಲೂ ಚೆನ್ನಾಗಿ ಕಾಣೋದು ಅದಕ್ಕೇ.

ಲೆಕ್ಕ ನೋಡಿ. 4ಕೆ ಪರದೆಯಲ್ಲಿ ಸುಮಾರು 83 ಲಕ್ಷ ಚುಕ್ಕೆಗಳು (ಪಿಕ್ಸೆಲ್). ಎಸ್‌ಡಿ ಚಿತ್ರದಲ್ಲಿ ಬರೋದು ಹೆಚ್ಚೆಂದರೆ 4 ಲಕ್ಷ ಚಿಲ್ಲರೆ. ಅಂದರೆ 20ರಲ್ಲಿ 19 ಚುಕ್ಕೆ ಟಿವಿಯೇ ಸೇರಿಸಿದ್ದು! ಮೊದಲಿನ ಟಿವಿಗಳು ಸುಮ್ನೆ ಅಕ್ಕಪಕ್ಕದ ಬಣ್ಣ ಬೆರೆಸಿ ತುಂಬುತ್ತಿದ್ದವು, ಹಾಗಾಗಿ ಮಸುಕು. ಈಗಿನ ಟಿವಿಯ ಎಐಗೆ ಒಂದೇ ಚಿತ್ರದ ಸ್ಪಷ್ಟ ಮತ್ತು ಮಸುಕು ಜೋಡಿಗಳನ್ನು ರಾಶಿಗಟ್ಟಲೆ ತೋರಿಸಿ ಮೊದಲೇ ಕಲಿಸಿರುತ್ತಾರೆ. ಕುಪ್ಯದ (ಕೊಡವರ ಉದ್ದ ಕೋಟು) ಅಂಚು, ಕಾಫಿ ಎಲೆಯ ನರ ಹೇಗಿರಬಹುದು ಅಂತ ಅದು ಅಂದಾಜು ಹಾಕುತ್ತದೆ. ಕೆಲವೊಮ್ಮೆ ಜಾಸ್ತಿಯಾಗಿ ಮುಖ ಮೇಣದ ಗೊಂಬೆಯ ಹಾಗೆ ಕಾಣುತ್ತದೆ. ಆಗ ಶಾರ್ಪ್‌ನೆಸ್ ಇಳಿಸಿ ನೋಡಿ, ನಾನಂತೂ ಯಾವಾಗಲೂ ಇಳಿಸಿಯೇ ಇಟ್ಟಿರುತ್ತೇನೆ.

ಇನ್ನು ಜುಲೈ ಮಳೆ. ಡಿಟಿಎಚ್ ಅಲೆಗಳನ್ನು ಜೋರು ಮಳೆಯ ಹನಿಗಳು ಹೀರಿ, ಚದುರಿಸಿಬಿಡುತ್ತವೆ. ಚಿತ್ರವೇ ಬರದಿದ್ದರೆ ಎಐ ಯಾವುದನ್ನು ನೋಡಿ ಊಹಿಸಬೇಕು, ಅಲ್ವಾ? ಛತ್ರಿ ಹಿಡಿದು ಮಹಡಿ ಹತ್ತಿ ಡಿಶ್ ತಿರುಗಿಸಬೇಡಿ. ಮಳೆ ಕಡಿಮೆಯಾದರೆ ತಾನಾಗಿ ಬರುತ್ತದೆ.